ಯೆಮೆನ್ನಿನ ಫುಡ್ ಇನ್ಸ್‌ಪೆಕ್ಟರ್

"ಕಳೆದ ಏಳು ದಿನಗಳಲ್ಲಿ, ಮಕ್ಕಳಿಗೆ ಸಾಲಲಿ ಅಂತ ಮನೆಯ ದೊಡ್ಡವರು ತಮ್ಮ ಊಟ ಕಡಿಮೆ ಮಾಡಿಕೊಂಡದ್ದು ಎಷ್ಟು ದಿನ?"

ಈ ಪ್ರಶ್ನೆಯನ್ನ ನಾನು ಸುಮಾರು ಮೂರು ವರ್ಷ ಯೆಮೆನ್ ದೇಶದ ಸಾವಿರಾರು ಮನೆಗಳಿಗೆ ಕೇಳಿದ್ದೇನೆ. ಕೇಳಿದ್ದೇನೆ ಅಂದರೆ ನನ್ನ ಬಾಯಲ್ಲಿ ಅಲ್ಲ. ನನಗೆ ಬರುವ ಅರೇಬಿಕ್ ಅಂದರೆ 'ಶುಕ್ರನ್', 'ಯಾ ಉಸ್ತಾದ್', ಇನ್ನೊಂದು ಹತ್ತು ಪದ ಅಷ್ಟೇ. ನಾನು ಮಾಡಿದ್ದು ಆ ಪ್ರಶ್ನೆಯನ್ನ ಟ್ಯಾಬ್ಲೆಟ್ಟಿನ ಫಾರಂ ಒಳಗೆ ಕೂರಿಸಿದ್ದು, ಉತ್ತರ 0ಯಿಂದ 7ರ ಒಳಗೇ ಇರಬೇಕು ಅಂತ ಕೋಡ್ ಬರೆದದ್ದು, ಬಂದ ಉತ್ತರಗಳನ್ನ ಲೆಕ್ಕ ಹಾಕಿದ್ದು.

ಹಸಿವಿಗೂ ಒಂದು ಫಾರ್ಮುಲಾ ಇದೆ ಅಂತ ನನಗೆ ಗೊತ್ತಾಗಿದ್ದೇ ಈ ಕೆಲಸಕ್ಕೆ ಸೇರಿದ ಮೇಲೆ. ಐದು ಪ್ರಶ್ನೆ. ಇಷ್ಟವಿಲ್ಲದ ಅಗ್ಗದ ಊಟ ಎಷ್ಟು ದಿನ ತಿಂದಿರಿ? ತೂಕ 1. ನೆಂಟರಿಷ್ಟರ ಹತ್ತಿರ ಕಡ ತಂದು ಉಂಡದ್ದು? ತೂಕ 2. ತಟ್ಟೆಗೆ ಬಡಿಸೋದು ಕಮ್ಮಿ ಮಾಡಿದ್ದು? 1. ಊಟದ ಹೊತ್ತನ್ನೇ ಕಮ್ಮಿ ಮಾಡಿದ್ದು? 1. ಮೇಲೆ ಬರೆದೆನಲ್ಲ, ಆ ಪ್ರಶ್ನೆಗೆ ಮಾತ್ರ 3. ದಿನಗಳನ್ನ ತೂಕದಿಂದ ಗುಣಿಸಿ ಕೂಡಿಸಿದರೆ ಒಂದು ಮನೆಯ ಒಂದು ವಾರದ ಕಷ್ಟ ಒಂದು ಸಂಖ್ಯೆಯಾಗಿ ನಿಮ್ಮ ಎಕ್ಸೆಲ್ ಶೀಟಿಗೆ ಬಂದು ಬೀಳುತ್ತೆ. ಗರಿಷ್ಠ 56. ಐದೂ ಪ್ರಶ್ನೆಗೆ ಏಳೂ ದಿನ ಹೌದು ಅಂದ ಮನೆ ಅದು.

ನಾನು ಓದಿದ್ದು ಬಿ.ಇ. ಬೆಂಗಳೂರಿನ ಒಂದು ಕಂಪನಿಯಲ್ಲಿ ಏಳು ವರ್ಷ ವಿದೇಶದ ಬ್ಯಾಂಕೊಂದಕ್ಕೆ ರಿಪೋರ್ಟ್ ತಯಾರಿಸೋ ಸಾಫ್ಟ್‌ವೇರ್ ಬರೆದೆ. ಯಾರು ಓದ್ತಾರೆ ಅಂತ ಗೊತ್ತಿಲ್ಲದ ರಿಪೋರ್ಟುಗಳು. ಬೇಜಾರಾಗಿತ್ತು, ಅಷ್ಟೇ. ದೊಡ್ಡ ಆದರ್ಶ ಏನೂ ಇರಲಿಲ್ಲ. ಒಂದು ಪರಿಹಾರ ಸಂಸ್ಥೆಗೆ ಡೇಟಾ ಗೊತ್ತಿರೋ ಎಂಜಿನಿಯರ್ ಬೇಕಿತ್ತು, ಆಫೀಸು ಜೋರ್ಡಾನಿನ ಅಮ್ಮಾನ್‌ನಲ್ಲಿ, ಕೆಲಸ ಯೆಮೆನ್‌ದು. 2019ರ ಕೊನೆಗೆ ಹೊರಟೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ನನ್ನ ಹುದ್ದೆಯ ಹೆಸರು ಮಾತ್ರ ಉದ್ದ ಇತ್ತು: ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಷನ್ ಕೋಆರ್ಡಿನೇಟರ್. ಆಫೀಸಲ್ಲಿ ಎಲ್ಲರೂ 'ಎಂ ಅಂಡ್ ಇ' ಅಂತಿದ್ದರು.

ಇದನ್ನ ಅವ್ವನಿಗೆ ವಿವರಿಸೋದು ಹೇಗೆ? ನಮ್ಮೂರು ಶಿರಾ ಸೀಮೆಯಲ್ಲಿದೆ. ಅವ್ವ ಫೋನಲ್ಲಿ ಕೇಳಿದಳು:

"ಅಂಗಾದ್ರೆ ಯೋನಪ್ಪಾ ನಿನ್ ಕೆಲ್ಸ ಅಲ್ಲಿ?"

"ಯುದ್ಧ ಆಗಿರೋ ದೇಶ ಅವ್ವ. ಅಲ್ಲಿನ ಜನಕ್ಕೆ ಗೋಧಿ ಹಿಟ್ಟು, ಎಣ್ಣೆ, ಬೇಳೆ ಕೊಡ್ತಾರೆ. ಅದು ಸರಿಯಾಗಿ ಸಿಕ್ತೋ ಇಲ್ವೋ ಅಂತ ನೋಡೋದು."

"ಓ, ಫುಡ್ ಇನ್ಸ್‌ಪೆಕ್ಟ್ರಾ!"

ನನಗೆ ನಗು ಬಂತು, ಆದರೆ ಅದಕ್ಕಿಂತ ಒಳ್ಳೆಯ ಅನುವಾದ ಇವತ್ತಿಗೂ ನನಗೆ ಸಿಕ್ಕಿಲ್ಲ. ನಮ್ಮ ಕಡೆ ಸೊಸೈಟಿಯಲ್ಲಿ ತೂಕದಲ್ಲಿ ಮೋಸ ಆದಾಗ, ಸೀಮೆಎಣ್ಣೆ ಬ್ಲಾಕಲ್ಲಿ ಹೋದಾಗ, ಜನ ಮೊದಲು ಹೇಳ್ತಿದ್ದ ಮಾತು 'ಫುಡ್ ಇನ್ಸ್‌ಪೆಕ್ಟರ್‌ಗೆ ಬರೀತೀನಿ' ಅಂತಲೇ. ಆತ ಜೀಪಲ್ಲಿ ಬರ್ತಿದ್ದ, ಅಂಗಡಿಯವನ ಜತೆ ಟೀ ಕುಡಿದು ರಿಜಿಸ್ಟರ್ ನೋಡಿ ಹೋಗ್ತಿದ್ದ. ರಿಜಿಸ್ಟರಲ್ಲಿ ಎಲ್ಲರ ಹೆಬ್ಬೆಟ್ಟೂ ಇರುತ್ತಿತ್ತು. ಯಾರ ಮನೆಗೂ ಹೋಗಿ 'ನಿಮಗೆ ಸಿಕ್ತಾ?' ಅಂತ ಕೇಳಿದ್ದನ್ನ ನಾನಂತೂ ನೋಡಿಲ್ಲ.

ಎಂ ಅಂಡ್ ಇ ಅಂದರೆ ಆ ಮನೆಗೆ ಹೋಗಿ ಕೇಳೋದು. ರೇಷನ್ ಹಂಚಿದ ಎರಡು ಮೂರು ವಾರದ ನಂತರ, ಪಟ್ಟಿಯಲ್ಲಿರೋ ಹೆಸರುಗಳಲ್ಲಿ ಒಂದಷ್ಟನ್ನ ಚೀಟಿ ಎತ್ತಿದ ಹಾಗೆ ಎತ್ತಿ, ಅವರ ಮನೆಗೆ ಹೋಗೋದು ಅಥವಾ ಫೋನ್ ಮಾಡೋದು. ಸಿಕ್ತಾ? ಎಷ್ಟು ಸಿಕ್ತು? ಹಿಟ್ಟಿನ ಮೂಟೆ ಬಿಚ್ಚಿತ್ತಾ? ಯಾರಿಗಾದರೂ ದುಡ್ಡು ಕೊಡಬೇಕಾಯ್ತಾ? ಸಿಕ್ಕಿದ್ದರಲ್ಲಿ ಮಾರಿದ್ದೆಷ್ಟು, ತಿಂದದ್ದೆಷ್ಟು? ಪಟ್ಟಿ ಒಂದು ಹೇಳುತ್ತೆ, ಮನೆ ಒಂದು ಹೇಳುತ್ತೆ, ಉಚಿತ ಸಹಾಯವಾಣಿಗೆ ಬಂದ ದೂರು ಇನ್ನೊಂದು ಹೇಳುತ್ತೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋದೇ ನನ್ನ ಕೆಲಸ.

ಇದು ಸುಮ್ಮನೆ ಕಾಗದದ ಕೆಲಸ ಅಲ್ಲ ಅನ್ನೋದಕ್ಕೆ ನಾನು ಸೇರೋಕೆ ಸ್ವಲ್ಪ ಮುಂಚೆ ನಡೆದ ಒಂದು ಪ್ರಸಂಗವನ್ನ ಆಫೀಸಲ್ಲಿ ಎಲ್ಲರೂ ಹೇಳುತ್ತಿದ್ದರು. ರಾಜಧಾನಿ ಸನಾ 2014ರಿಂದ ಹೂತಿಗಳ ಕೈಯಲ್ಲಿದೆ. 2015ರ ಮಾರ್ಚಿನಲ್ಲಿ ಸೌದಿ ನೇತೃತ್ವದ ಒಕ್ಕೂಟ ಬಾಂಬ್ ಹಾಕೋಕೆ ಶುರು ಮಾಡಿತು. ತಿನ್ನೋ ಗೋಧಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗಿಂದಲೇ ಬರಬೇಕಾದ ದೇಶ ಅದು. 2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ, ಸನಾದಲ್ಲಿ ಪಟ್ಟಿಯಲ್ಲಿ ಹೆಸರಿರೋ ಎಷ್ಟೋ ಜನಕ್ಕೆ ರೇಷನ್ನೇ ತಲುಪುತ್ತಿಲ್ಲ, ಮೂಟೆಗಳು ಬಜಾರಿನಲ್ಲಿ ಮಾರಾಟ ಆಗ್ತಿವೆ ಅಂತ ಬಹಿರಂಗವಾಗಿ ಹೇಳಿತು. ಗೊತ್ತಾಗಿದ್ದು ಹೇಗೆ? ಇದೇ ರೀತಿ, ಮನೆಯವರನ್ನ ಕೇಳಿ. ಬೆರಳಚ್ಚು ತಗೊಂಡು ಹೊಸದಾಗಿ ನೋಂದಣಿ ಮಾಡೋಣ ಅಂತ ಇವರು, ಬೇಡ ಅಂತ ಅವರು. ಮಾತು ಮುರಿದು 2019ರ ಜೂನ್ 20ಕ್ಕೆ ಸನಾ ನಗರದ ರೇಷನ್ ನಿಂತಿತು. 8,50,000 ಜನರ ರೇಷನ್. ಮಕ್ಕಳ, ಬಾಣಂತಿಯರ ಪೌಷ್ಟಿಕ ಆಹಾರ ಮಾತ್ರ ಮುಂದುವರಿಸಿದರು. ಒಪ್ಪಂದ ಆಗಿ ಮತ್ತೆ ಶುರುವಾಗಿದ್ದು ಆಗಸ್ಟಿನಲ್ಲಿ.

ಕದ್ದವರು ಯಾರೋ. ಎರಡು ತಿಂಗಳು ಹಸಿದದ್ದು ಯಾರು? ನಿಲ್ಲಿಸದೇ ಇದ್ದರೆ ಕಳ್ಳತನ ಮುಂದುವರಿಯುತ್ತೆ, ನಿಲ್ಲಿಸಿದರೆ ಸಿಗ್ತಿದ್ದ ಅರ್ಧ ಜನಕ್ಕೂ ಸಿಗಲ್ಲ. ಊಟದ ಹೊತ್ತಲ್ಲಿ ಈ ವಾದ ನಮ್ಮಲ್ಲಿ ಎಷ್ಟು ಸಲ ನಡೆದಿದೆಯೋ. ನಾನು ಹೊಸಬ, ಎಂಜಿನಿಯರ್ ಬೇರೆ. ಡೇಟಾ ಸರಿ ಇದ್ದರೆ ಇದೆಲ್ಲ ಸಮಸ್ಯೆನೇ ಅಲ್ಲ ಅಂತ ನನ್ನ ನಂಬಿಕೆ.

ಇಲ್ಲೊಂದು ವಿಷಯ ಹೇಳಬೇಕು. ಆ ಮೂರು ವರ್ಷದಲ್ಲಿ ನಾನು ಒಂದು ಸಲಾನೂ ಯೆಮೆನ್‌ಗೆ ಹೋಗಿಲ್ಲ. 2017ರ ಸೆಪ್ಟೆಂಬರ್‌ನಿಂದ ಭಾರತದ ಪಾಸ್‌ಪೋರ್ಟ್ ಇರುವವರು ವಿಶೇಷ ಅನುಮತಿ ಇಲ್ಲದೆ ಯೆಮೆನ್‌ಗೆ ಹೋಗೋ ಹಾಗಿಲ್ಲ ಅಂತ ನಮ್ಮ ಸರ್ಕಾರದ ಆದೇಶ ಇದೆ. ನಮ್ಮ ಚಿಕ್ಕಮಗಳೂರಿಗೆ ಕಾಫಿ ಬೀಜ ತಂದರು ಅಂತ ಹೇಳೋ ಬಾಬಾ ಬುಡನ್ ಹೊರಟದ್ದು ಯೆಮೆನ್ನಿನ ಮೋಕಾ ಬಂದರಿನಿಂದ. ಏಡನ್ ಅಂತೂ 1937ರ ತನಕ ಬ್ರಿಟಿಷ್ ಇಂಡಿಯಾದ ಆಡಳಿತದಲ್ಲೇ ಇತ್ತು. ನನಗೆ ಮಾತ್ರ ಪ್ರವೇಶವಿಲ್ಲ. ಅಮ್ಮಾನ್‌ನ ಗುಡ್ಡದ ಮೇಲಿನ ಆಫೀಸಲ್ಲಿ ಹೀಟರ್ ಪಕ್ಕ ಕೂತು, 2,000 ಕಿಲೋಮೀಟರಿಗೂ ಆಚೆ ಇರೋ ಅಡುಗೆಮನೆಗಳ ಬಗ್ಗೆ ವರದಿ ಬರೀತಿದ್ದೆ. ಬಹಳಷ್ಟು ಸಂಸ್ಥೆಗಳು ಹೀಗೇ ನಡೆಯೋದು. 'ರಿಮೋಟ್ ಮಾನಿಟರಿಂಗ್' ಅಂತ ಚೆನ್ನಾದ ಹೆಸರಿದೆ.

ಕೆಲಸದ ತೊಂದರೆಗಳು ಮೊದಮೊದಲು ನನಗೆ ಗೊತ್ತಿದ್ದ ತೊಂದರೆಗಳೇ. ಒಂದೇ ಜಿಲ್ಲೆಯ ಹೆಸರು ಒಬ್ಬರ ಫೈಲಲ್ಲಿ ಹೊದೈದಾ, ಇನ್ನೊಬ್ಬರದ್ದರಲ್ಲಿ ಹುದೈದಾ, ಮತ್ತೊಬ್ಬರದ್ದರಲ್ಲಿ ಅಲ್ ಹುದೈದಾ. ತುಮಕೂರು, ಟುಮ್ಕೂರ್ ನೋಡಿ ಬೆಳೆದವನಿಗೆ ಇದೇನು ಹೊಸದಲ್ಲ. ಪ್ರತಿ ಊರಿಗೂ ಒಂದು ಕೋಡ್ ನಂಬರ್ ಇತ್ತು, ಹೆಸರು ಬಿಟ್ಟು ಅದನ್ನೇ ಹಿಡಿದೆವು. ಒಂದೇ ಮನೆಗೆ ಒಂದೇ ತಿಂಗಳಲ್ಲಿ ನಾಲ್ಕು ಸಂಸ್ಥೆಯವರು ಹೋಗಿ ಅದೇ ಐದು ಪ್ರಶ್ನೆ ಕೇಳಿ ಬಂದದ್ದೂ ಇತ್ತು. ಆ ಮನೆಗೆ ಸಿಕ್ಕಿದ್ದು ಒಂದು ಮೂಟೆ. ಯಾರು ಯಾವ ಊರಿಗೆ ಯಾವಾಗ ಹೋಗ್ತೀರಿ ಅಂತ ಎಲ್ಲರನ್ನೂ ಒಂದು ಕ್ಯಾಲೆಂಡರಿಗೆ ತರೋದೇ ನನ್ನ 'ಕೋಆರ್ಡಿನೇಷನ್'ನ ಅರ್ಧ ಭಾಗ.

ಆಮೇಲೆ ದುಡ್ಡು. 2020ರ ಜನವರಿಯಿಂದ ಹೂತಿಗಳು ಏಡನ್ ಸರ್ಕಾರ ಅಚ್ಚು ಹಾಕಿದ ಹೊಸ ನೋಟುಗಳನ್ನ ತಮ್ಮ ಕಡೆ ನಿಷೇಧಿಸಿದರು. ಒಂದೇ ರಿಯಾಲ್ ಎರಡು ಬೆಲೆಯ ನಾಣ್ಯ ಆಗಿಹೋಯ್ತು. 2021ರಲ್ಲಿ ಡಾಲರ್‌ಗೆ ಸನಾದಲ್ಲಿ ಸುಮಾರು 600 ರಿಯಾಲ್, ಏಡನ್‌ನಲ್ಲಿ 1,000 ದಾಟಿತ್ತು. 'ಕಳೆದ ವಾರ ಊಟಕ್ಕೆ ಎಷ್ಟು ಖರ್ಚಾಯ್ತು?' ಅನ್ನೋ ಪ್ರಶ್ನೆಗೆ ಬಂದ ಉತ್ತರ ಯಾವ ರಿಯಾಲ್ ಅಂತ ತಿಳಿಯದೆ ನಮ್ಮ ಒಂದು ತಿಂಗಳ ವರದಿ ಪೂರ್ತಿ ತಪ್ಪಾಯಿತು. ಫಾರಂಗೆ ಒಂದು ಪ್ರಶ್ನೆ ಸೇರಿಸಿದೆ: ಹಳೇ ನೋಟಾ, ಹೊಸ ನೋಟಾ?

ಊಟದ ಲೆಕ್ಕದ ಇನ್ನೊಂದು ಸೂತ್ರ ಇದೆ, ಅದು ನನಗೆ ಇಷ್ಟ. ಏಳು ದಿನದಲ್ಲಿ ಏನೇನು ಎಷ್ಟು ದಿನ ತಿಂದಿರಿ ಅಂತ ಕೇಳಿ, ಅನ್ನ ರೊಟ್ಟಿಗೆ 2, ಬೇಳೆಕಾಳಿಗೆ 3, ತರಕಾರಿಗೆ 1, ಹಣ್ಣಿಗೆ 1, ಮಾಂಸ ಮೀನು ಮೊಟ್ಟೆಗೆ 4, ಹಾಲಿಗೆ 4, ಸಕ್ಕರೆಗೆ ಅರ್ಧ, ಎಣ್ಣೆಗೆ ಅರ್ಧ. ಸಾಮಾನ್ಯವಾಗಿ 21 ಅಥವಾ ಅದಕ್ಕಿಂತ ಕಮ್ಮಿ ಬಂದರೆ 'ತೀರಾ ಕಷ್ಟ' ಅಂತ. ಆದರೆ ಜನ ದಿನಾ ಸಕ್ಕರೆ ಎಣ್ಣೆ ತಿನ್ನೋ ದೇಶಗಳಲ್ಲಿ ಈ ಗೆರೆಯನ್ನ 28ಕ್ಕೆ ಏರಿಸ್ತಾರೆ. ಯಾಕೆ ಅಂದರೆ ವಾರಪೂರ್ತಿ ಬರೀ ರೊಟ್ಟಿ, ಎಣ್ಣೆ, ಸಕ್ಕರೆ ಹಾಕಿದ ಚಹಾ, ಇಷ್ಟರಲ್ಲೇ ಬದುಕಿದರೂ 14 ಮತ್ತು ಮೂರೂವರೆ ಮತ್ತು ಮೂರೂವರೆ, 21 ಆಗಿಬಿಡುತ್ತೆ! ಯಾರೋ ಪುಣ್ಯಾತ್ಮ ಇದನ್ನ ಕೂತು ಯೋಚಿಸಿದ್ದಾನಲ್ಲ ಅಂತ ಖುಷಿಯಾಗಿತ್ತು ನನಗೆ. ಇನ್ನೂ ಒಂದು ನಿಯಮ: ಚಹಾಕ್ಕೆ ಹಾಕಿದ ಒಂದು ಚಮಚ ಹಾಲು, ಹಾಲಿನ ಲೆಕ್ಕಕ್ಕೆ ಬರಲ್ಲ. ಅದು ಒಗ್ಗರಣೆ, ಉಪ್ಪಿನಂಥ ಮೇಲೋಗರದ ಲೆಕ್ಕ, ತೂಕ ಸೊನ್ನೆ. ಇದನ್ನ ಅವ್ವನಿಗೆ ಹೇಳಿದೆ. "ಅದ್ ಸರಿನೇ ಬಿಡು, ಅದು ಬರೀ ಬಣ್ಣಕ್ಕೆ" ಅಂದಳು.

ಒಂದು ರಾತ್ರಿ ನಮ್ಮನೆ ಲೆಕ್ಕನೇ ಹಾಕಿದೆ. 2003, ಸತತ ಬರ ಬಿದ್ದಿತ್ತು, ನಾನು ಹೈಸ್ಕೂಲು. ಮುದ್ದೆ ಏಳು ದಿನ, 14. ಸೊಪ್ಪು ಐದು ದಿನ, 5. ಹುರುಳಿ ಎರಡು ದಿನ, 6. ಬೆಲ್ಲದ ಟೀ ಏಳು ದಿನ, ಮೂರೂವರೆ. ಎಣ್ಣೆ ಮೂರು ದಿನ, ಒಂದೂವರೆ. ಹಾಲು ಸೊನ್ನೆ, ಹಸು ಇತ್ತು, ಹಾಲು ಡೇರಿಗೆ ಹೋಗ್ತಿತ್ತು. ಒಟ್ಟು 30. ಯೆಮೆನ್ ಗೆರೆಗಿಂತ ಎರಡು ಮೇಲೆ. 'ಅಂಚಿನಲ್ಲಿರುವ ಕುಟುಂಬ.' ಹೆಂಡತಿಗೆ ತೋರಿಸಿದೆ. ಅವಳು ಮಲಗೋ ಹೊತ್ತಲ್ಲಿ ಇದೇನು ಅಂದಳು.

ಈಗ ಹೇಳಬೇಕಾದ್ದು 2021ರ ಮಾತು. ತೈಝ್ ಪ್ರಾಂತ್ಯದ ಒಂದು ಗುಡ್ಡದ ಊರು. ತೈಝ್ ಅಂದರೆ ನಗರದ ಮಧ್ಯದಲ್ಲೇ ಯುದ್ಧದ ಗೆರೆ ಹಾದುಹೋಗಿರೋ ಊರು. ಒಂದು ಬದಿಯಿಂದ ಇನ್ನೊಂದು ಬದಿಗೆ ಮುಂಚೆ ಹತ್ತು ಹದಿನೈದು ನಿಮಿಷ, ಆಗ ಗುಡ್ಡ ಸುತ್ತಿ ಐದಾರು ಗಂಟೆ. ಆ ಮುಖ್ಯ ರಸ್ತೆ ಮತ್ತೆ ತೆರೆದದ್ದು 2024ರ ಜೂನ್‌ನಲ್ಲಿ.

ಆ ಊರಿನಿಂದ ಒಂದೇ ಸಲಕ್ಕೆ 38 ಫಾರಂ ಬಂದವು. ನಾನು ಒಂದು ಸ್ಕ್ರಿಪ್ಟ್ ಬರೆದಿದ್ದೆ, ಸುಳ್ಳು ಫಾರಂ ಹಿಡಿಯೋದಕ್ಕೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು, ಒಂದು ಮೀಟಿಂಗಲ್ಲಿ ಅರ್ಧ ಗಂಟೆ ಸ್ಲೈಡ್ ಹಾಕಿ ಮಾತಾಡಿದ್ದೆ. ಆ ಸ್ಕ್ರಿಪ್ಟು 38ಕ್ಕೂ ಕೆಂಪು ಹಾಕಿತು. ಮೂರು ಕಾರಣ. ಒಂದು ಮನೆಯ ಸಂದರ್ಶನಕ್ಕೆ ನಮ್ಮ ಸರಾಸರಿ 27 ನಿಮಿಷ, ಇಲ್ಲಿ ತಲಾ ಆರು. 38 ಮನೆಗಳ ಜಿಪಿಎಸ್ಸೂ ಒಂದೇ ಕೋಣೆಯಷ್ಟು ಜಾಗದಲ್ಲಿ, ಅದೂ ಆ ಊರಲ್ಲಲ್ಲ, ಕೆಳಗಿನ ಪೇಟೆಯಲ್ಲಿ. ಮತ್ತೆ ಆ ಪ್ರಶ್ನೆ. ಮಕ್ಕಳಿಗೆ ಸಾಲಲಿ ಅಂತ ದೊಡ್ಡವರು ಊಟ ಬಿಟ್ಟದ್ದು ಎಷ್ಟು ದಿನ? 38ರಲ್ಲಿ 31 ಮನೆ: ಏಳು. ಏಳು. ಏಳು. ಬೇರೆ ಊರುಗಳಲ್ಲಿ ಎರಡು, ಮೂರು, ಐದು, ಸೊನ್ನೆ ಅಂತ ಹರಡಿಕೊಂಡು ಬರೋ ಉತ್ತರ. ನಿಜವಾದ ಡೇಟಾ ಯಾವತ್ತೂ ಇಷ್ಟು ಒಂದೇ ಥರ ಇರಲ್ಲ ಅಂತ ಯಾವ ಡೇಟಾ ಎಂಜಿನಿಯರನ್ನ ಕೇಳಿದರೂ ಹೇಳ್ತಾನೆ. ನೀವೂ ಹೇಳ್ತಿದ್ದಿರಿ.

ನಾನು ಬಗ್ ರಿಪೋರ್ಟ್ ಬರೆಯೋ ಶೈಲಿಯಲ್ಲೇ ಇಮೇಲ್ ಬರೆದೆ. 'ಪೇಟೆಯಲ್ಲಿ ಕೂತು ತುಂಬಿದ ಕೃತಕ ದತ್ತಾಂಶ. ತೀವ್ರತೆ: ಅತ್ಯಧಿಕ.' ಗ್ರಾಫ್ ಅಂಟಿಸಿದೆ. ನಿಯಮ ಹೇಗೆ ಅಂದರೆ, ಪರಿಶೀಲನೆ ಸುಳ್ಳು ಅಂತಾದರೆ ಹಂಚಿಕೆಯೂ ಖಾತ್ರಿ ಇಲ್ಲ. ಖಾತ್ರಿ ಆಗೋ ತನಕ ಆ ಊರಿನ ಮುಂದಿನ ತಿಂಗಳ ಹಂಚಿಕೆ ತಡೆಹಿಡಿಯಬೇಕು. ತಡೆಹಿಡಿದರು. ನನಗೆ ಮೇಲಿನವರಿಂದ 'ಗುಡ್ ಕ್ಯಾಚ್' ಅಂತ ಉತ್ತರ ಬಂತು. ಆ ರಾತ್ರಿ ನಾನು ಚೆನ್ನಾಗಿಯೇ ನಿದ್ದೆ ಮಾಡಿದೆ.

ಏಡನ್ ಆಫೀಸಿನ ನಮ್ಮ ಸಹೋದ್ಯೋಗಿ, ನನಗಿಂತ ಹತ್ತು ವರ್ಷ ದೊಡ್ಡವರು, ಆ ಸರ್ವೆ ಮಾಡಿದ ಹುಡುಗನನ್ನ ಹುಡುಕಿ ಮಾತಾಡಿಸಿದರು. ಎರಡೂವರೆ ವಾರ ಬೇಕಾಯ್ತು, ಅವನ ಫೋನ್ ಸಿಗ್ತಿರಲಿಲ್ಲ. ಆಮೇಲೆ ನನಗೊಂದು ವಾಟ್ಸಾಪ್ ಬಂತು. ಒಂದರ ಹಿಂದೆ ಒಂದು ಫೋಟೋ, ಎಲ್ಲ ಕಾಗದದ ಫಾರಂಗಳು. ಮಡಚಿ ಮಡಚಿ ಬೆವರಿಗೆ ಮೆತ್ತಗಾದ ಕಾಗದ. ನಾನು ಎಣಿಸಿದೆ. 38.

ಅವರು ಫೋನ್ ಮಾಡಿ ಹೇಳಿದ್ದು ಇಷ್ಟು. ಆ ಊರಿಗೆ ಹೋಗೋ ದಾರಿಯಲ್ಲಿ ಒಂದು ಚೆಕ್‌ಪೋಸ್ಟ್. ಯಾವ ಕಡೆಯವರದ್ದು ಅಂತ ಹೇಳೋದು ಬೇಡ, ಎಲ್ಲ ಕಡೆಯವರದ್ದೂ ಹಂಗೇ. ಹಿಂದಿನ ತಿಂಗಳು ಇನ್ನೊಬ್ಬ ಸರ್ವೆ ಹುಡುಗ ಅಲ್ಲಿ ಸಿಕ್ಕಿಬಿದ್ದಿದ್ದ. ಟ್ಯಾಬ್ಲೆಟ್ ತೆಗೆಸಿ ನೋಡಿದಾಗ ಒಂದೊಂದು ಮನೆಯ ಎದುರೂ ಅಕ್ಷಾಂಶ, ರೇಖಾಂಶ. ಯುದ್ಧ ನಡೆಯೋ ಜಾಗದಲ್ಲಿ ಹಾಗಂದರೆ ಏನು? ಬಾಂಬ್ ಎಲ್ಲಿ ಹಾಕಬೇಕು ಅಂತ ಬರೆದುಕೊಡೋ ಪಟ್ಟಿ. ಆ ಹುಡುಗನನ್ನ ಎರಡು ದಿನ ಕೂಡಿಹಾಕಿದ್ದರಂತೆ. ನಮಗೆ ಬಂದಿದ್ದ ವರದಿಯಲ್ಲಿ 'ಸಾಧನದ ನಷ್ಟ, ಒಂದು' ಅಂತ ಮಾತ್ರ ಇತ್ತು. ಹಾಗಾಗಿ ಈ ಹುಡುಗ ಟ್ಯಾಬ್ಲೆಟ್ಟನ್ನ ಪೇಟೆಯ ರೂಮಲ್ಲೇ ಬಿಟ್ಟು, ಕಾಗದವನ್ನ ಬಟ್ಟೆಯೊಳಗೆ ಇಟ್ಟುಕೊಂಡು ಹೋದ. ಮೂರು ದಿನ ಮನೆಮನೆ ತಿರುಗಿದ. ವಾಪಸು ಬಂದು ರೂಮಲ್ಲಿ ಕೂತು ಒಂದೊಂದಾಗಿ ಟೈಪ್ ಮಾಡಿದ. ನೋಡಿಕೊಂಡು ಟೈಪ್ ಮಾಡೋಕೆ ಆರೇ ನಿಮಿಷ ಸಾಕು. ಲೊಕೇಷನ್ ತೆಗೆದುಕೊಳ್ಳದೆ ಫಾರಂ ಸೇವ್ ಆಗ್ತಿರಲಿಲ್ಲ, ಹಾಗಾಗಿ ರೂಮಿನ ಲೊಕೇಷನ್ನೇ 38 ಸಲ ಕೊಟ್ಟ.

ಲೊಕೇಷನ್ ಇಲ್ಲದೆ ಸೇವ್ ಆಗಬಾರದು ಅಂತ ಆ ಫಾರಂನಲ್ಲಿ ಕಡ್ಡಾಯ ಮಾಡಿದವನು ನಾನು. 'ಡೇಟಾ ಕ್ವಾಲಿಟಿ' ಹೆಚ್ಚಿಸೋಕೆ.

"ಸರಿ," ಅಂದೆ ನಾನು. "ಆದರೆ ಆ ಏಳು? ಎಲ್ಲರೂ ಏಳು ಅಂತ ಹೇಗೆ ಹೇಳ್ತಾರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಉಸ್ತಾದ್, ಆ ಫೋಟೋಗಳಲ್ಲಿ ಎರಡು ಕೈಬರಹ ಇದೆ. ನೋಡಿದಿರಾ?"

ನಾನು ನೋಡಿರಲಿಲ್ಲ. ಅರೇಬಿಕ್ ನನಗೆ ಎಲ್ಲ ಒಂದೇ ಥರ ಕಾಣುತ್ತೆ.

ಅವನು ತನ್ನ ತಂಗಿಯನ್ನ ಜತೆಗೆ ಕರೆದುಕೊಂಡು ಹೋಗಿದ್ದ. ಅಂಥ ಊರುಗಳಲ್ಲಿ ಅನ್ಯ ಗಂಡಸು ಹೆಂಗಸರನ್ನ ಮಾತಾಡಿಸೋ ಹಾಗಿಲ್ಲ. ಬಾಗಿಲಲ್ಲಿ ಗಂಡಸರೇ ನಿಂತು ಉತ್ತರ ಕೊಡೋದು. ನಮ್ಮಲ್ಲಿ ಸರ್ವೆ ಮಾಡೋ ಹೆಣ್ಣುಮಕ್ಕಳೂ ಇದ್ದರು, ಆದರೆ ಅವರು ಊರಿಂದೂರಿಗೆ ಹೋಗಬೇಕು ಅಂದರೆ ಜತೆಗೆ ಮಹ್ರಮ್, ಅಂದರೆ ಅಪ್ಪನೋ ಅಣ್ಣನೋ ಗಂಡನೋ ಇರಬೇಕು ಅನ್ನೋ ಕಟ್ಟಳೆ ಆ ವರ್ಷಗಳಲ್ಲಿ ಹೂತಿಗಳ ಕಡೆ ಬಿಗಿಯಾಗುತ್ತಲೇ ಬಂತು. ಬೇರೆ ಕಡೆಯೂ ಹಳ್ಳಿಗಳಲ್ಲಿ ಒಂಟಿಯಾಗಿ ಕಳಿಸೋಕೆ ಮನೆಯವರು ಒಪ್ಪಲ್ಲ. ಜತೆಗೆ ಬರುವವನ ಬಸ್ ಛಾರ್ಜಿಗೆ, ಊಟಕ್ಕೆ ನಮ್ಮ ಬಜೆಟ್ಟಿನಲ್ಲಿ ಸಾಲು ಇರಲಿಲ್ಲ. ಹಾಗಾಗಿ ಹೆಚ್ಚಾಗಿ ಹುಡುಗರೇ ಹೋಗ್ತಿದ್ದರು. ಇವನಿಗೆ ತಂಗಿ ಇದ್ದಳು, ಓದಿದವಳು. ನಮ್ಮ ಪಟ್ಟಿಯಲ್ಲಿ ಅವಳಿಲ್ಲ, ನಾವು ಅವಳಿಗೆ ಒಂದು ರಿಯಾಲ್ ಕೊಟ್ಟಿಲ್ಲ. ಅಣ್ಣ ಹೊರಗೆ ಗಂಡಸರ ಜತೆ ಕೂತು ಚಹಾ ಕುಡಿಯೋವಾಗ, ಅವಳು ಒಳಗೆ ಹೋಗಿ ಒಲೆ ಪಕ್ಕ ಕೂತು ಹೆಂಗಸರನ್ನ ಕೇಳಿ ಬರೆದುಕೊಂಡಿದ್ದಳು. ಏಳು ಅಂದದ್ದು ಆ ಹೆಂಗಸರು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಅದೇ ಊರಿನ ಗಂಡಸರು ಬಾಗಿಲಲ್ಲಿ ನಿಂತು ಎರಡು, ಮೂರು ಅಂದಿದ್ದರು. ಅವರು ಸುಳ್ಳು ಹೇಳಿದರು ಅಂತಲೂ ಅಲ್ಲ. ಅವರಿಗೆ ಗೊತ್ತಿರಲಿಲ್ಲ. ಯಾವ ಮನೆಯಲ್ಲಿ ತಾನೇ ಗೊತ್ತಿರುತ್ತೆ?

ಒಂದು ಕಾಗದದ ಅಂಚಿನಲ್ಲಿ ಆ ಹುಡುಗಿ ಏನೋ ಬರೆದಿದ್ದಳು. ಸಹೋದ್ಯೋಗಿ ಓದಿ ಹೇಳಿದರು: 'ರಾತ್ರಿ ರೊಟ್ಟಿ ಇಲ್ಲ, ಚಹಾ ಇದೆ ಅನ್ನುತ್ತಾರೆ. ಇದನ್ನ ಊಟ ಅಂತ ಬರೆಯಬೇಕಾ ಬೇಡವಾ?' ನಮ್ಮ ಫಾರಂನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಷರಾ ಬರೆಯೋ ಜಾಗವನ್ನ ಹಿಂದಿನ ವರ್ಷ ನಾನೇ ತೆಗೆದುಹಾಕಿದ್ದೆ, ಯಾರೂ ಉಪಯೋಗಿಸ್ತಿಲ್ಲ ಅಂತ.

ಆ ವಾರಾಂತ್ಯ ಅವ್ವನಿಗೆ ಫೋನ್ ಮಾಡಿದಾಗ ಕೇಳಿಯೇಬಿಟ್ಟೆ. "ಅವ್ವ, ಆ ಬರದ ವರ್ಷ, ನಮಗೆಲ್ಲ ಸಾಲಲಿ ಅಂತ ನೀನು ಉಣ್ಣದೇ ಇದ್ದದ್ದು ವಾರಕ್ಕೆ ಎಷ್ಟು ದಿನ?"

"ಯಾರ್ ಹೇಳಿದ್ದು ನಿಂಗೆ? ಹಂಗೇನಿಲ್ಲಪ್ಪ. ಚೆನ್ನಾಗೇ ಉಂಡಿದೀವಿ. ಸುಮ್ನೆ ಏನೇನೋ ಕೇಳ್ಬೇಡ."

ಸೊನ್ನೆ. ಫಾರಂಗೆ ಹಾಕಿದರೆ ಸೊನ್ನೆ. ನಾವು ಮೂವರು ಮಕ್ಕಳು ಉಣ್ಣೋವಾಗ 'ನಂದಾಯ್ತು, ಆಗ್ಲೆ ಉಂಡೆ' ಅಂತ ಹೇಳಿ ಪಾತ್ರೆ ತೊಳೆಯೋಕೆ ಹೋಗ್ತಿದ್ದದ್ದು ನನಗೆ ನೆನಪಿದೆ. ಪಕ್ಕದ ಮನೆಯವರ ಹತ್ತಿರ ಸೇರಿನಲ್ಲಿ ರಾಗಿ ಕಡ ತರೋವಾಗ ಹಿಂದಿನ ಬಾಗಿಲಿಂದಲೇ ಹೋಗ್ತಿದ್ದಳು. ಅವಳ ಮಗ, ಅಂತಾರಾಷ್ಟ್ರೀಯ ಫುಡ್ ಇನ್ಸ್‌ಪೆಕ್ಟರ್, ನೇರವಾಗಿ ಕೇಳಿದರೂ ಉತ್ತರ ಸೊನ್ನೆ. ಆ ಪಕ್ಕದ ಮನೆ ಅಕ್ಕ ಈಗಿಲ್ಲ. ಇದ್ದಿದ್ದರೆ ಅವರಿಗೆ ಗೊತ್ತಿರುತ್ತಿತ್ತು.

ನಾನು ಇನ್ನೊಂದು ಇಮೇಲ್ ಬರೆದೆ, ಮೊದಲನೆಯದ್ದಕ್ಕಿಂತ ಉದ್ದ. ನನ್ನ ಸ್ಕ್ರಿಪ್ಟ್ ತಪ್ಪು, ಫಾರಂ ತಪ್ಪು, ಆ ಹುಡುಗ ಸರಿ ಅಂತ. ಯಾರೂ ಬೈಯಲಿಲ್ಲ. ಹಂಚಿಕೆ ಮತ್ತೆ ಶುರುವಾಯಿತು, 24 ದಿನ ತಡವಾಗಿ. ಆ 24 ದಿನ ಆ ಮನೆಗಳಲ್ಲಿ ಏನಾಯ್ತು ಅನ್ನೋದಕ್ಕೆ ನನ್ನ ಹತ್ತಿರ ಅಂಕಿಅಂಶ ಇಲ್ಲ. ಯಾಕಂದರೆ ಹಂಚಿಕೆ ಆಗದ ತಿಂಗಳು ನಾವು ಸರ್ವೆ ಮಾಡಲ್ಲ.

ಜಿಪಿಎಸ್ ಕಡ್ಡಾಯ ತೆಗೆದೆ. ಊರಿನ ಕೋಡ್ ಸಾಕು ಅಂತ ಮಾಡಿದೆ. ಕಾಗದದಲ್ಲಿ ಬರೆದು ಆಮೇಲೆ ತುಂಬಿದ್ದು ಅಂತ ಹೇಳೋಕೆ ಒಂದು ಟಿಕ್ ಬಾಕ್ಸ್, ಉತ್ತರ ಕೊಟ್ಟವರು ಗಂಡಸೋ ಹೆಂಗಸೋ ಅಂತ ಒಂದು ಪ್ರಶ್ನೆ, ಕೊನೆಗೆ ಷರಾ ಬರೆಯೋ ಜಾಗ. ಮಹ್ರಮ್ ಖರ್ಚಿಗೆ ಬಜೆಟ್ಟಿನಲ್ಲಿ ಒಂದು ಸಾಲು ಹಾಕಿಸೋಕೆ ಹೋದೆ. ಹೆಣ್ಣುಮಕ್ಕಳ ಜತೆ ಕಾವಲಿಗೆ ಗಂಡಸರನ್ನ ಕಳಿಸೋ ಖರ್ಚು ಕೊಟ್ಟರೆ ಆ ಕಟ್ಟಳೆಯನ್ನ ನಾವೇ ಒಪ್ಪಿಕೊಂಡ ಹಾಗಾಗುತ್ತೆ ಅಂತ ಒಬ್ಬರು ವಾದ ಮಾಡಿದರು. ಅದೂ ಸುಳ್ಳಲ್ಲ. ಆ ವಾದ ನಾನಿರೋ ತನಕ ಮುಗೀಲಿಲ್ಲ.

ಆ ಹುಡುಗನ ಜತೆ ಒಂದು ಸಲ ಮಾತಾಡಿದೆ, ಏಡನ್ ಸಹೋದ್ಯೋಗಿ ಮಧ್ಯೆ ಅನುವಾದ ಮಾಡ್ತಾ. ಕ್ಷಮೆ ಕೇಳಿದೆ. ಅವನು ಪರವಾಗಿಲ್ಲ ಅಂದ, ಹಿಂದಿ ಸಿನಿಮಾ ಬಗ್ಗೆ ಕೇಳಿದ, ನಾನು ಹಿಂದಿಯವನಲ್ಲ ಅಂತ ಹೇಳೋಕೆ ಅದು ಸಮಯ ಅಲ್ಲ ಅಂತ ಸುಮ್ಮನಾದೆ. ನೀವು ಯಾವಾಗ ತೈಝ್‌ಗೆ ಬರ್ತೀರಿ ಅಂತ ಕೇಳಿದ. ನನ್ನ ಪಾಸ್‌ಪೋರ್ಟಿನ ಕಥೆ ಹೇಳಿದೆ. ಅವನು ಏನೋ ಅಂದ, ಸಹೋದ್ಯೋಗಿ ನಕ್ಕರು, ಅನುವಾದ ಮಾತ್ರ ಮಾಡಲಿಲ್ಲ. ಮುಂದಿನ ಸುತ್ತಿಗೆ ಬಾ ಅಂತ ಕರೆದೆವು. ಬೇರೆ ಕೆಲಸ ಸಿಕ್ಕಿದೆ ಅಂದ. ಸಿಕ್ಕಿತ್ತೋ ಇಲ್ಲವೋ.

2022ರಲ್ಲಿ, ನಾನು ಬೆಂಗಳೂರಿಗೆ ವಾಪಸು ಹೊರಡೋ ತಿಂಗಳು, ಕೊನೆಯದಾಗಿ ನೋಡಿದ ಫೈಲುಗಳಲ್ಲಿ ಆ ಊರೂ ಇತ್ತು. 40 ಮನೆ. ಸರಾಸರಿ 26 ನಿಮಿಷ. ಕಾಗದದ ಟಿಕ್ ಇಲ್ಲ. ಆ ಪ್ರಶ್ನೆಗೆ ಉತ್ತರ ಎರಡು, ಐದು, ಮೂರು, ಸೊನ್ನೆ, ನಾಲ್ಕು, ಚೆನ್ನಾಗಿ ಹರಡಿಕೊಂಡಿದೆ. ಷರಾ ಜಾಗ ಖಾಲಿ. ಸ್ಕ್ರಿಪ್ಟು ಎಲ್ಲಕ್ಕೂ ಹಸಿರು ಹಾಕಿತ್ತು.

ನಾನು ಏಡನ್‌ಗೆ ಫೋನ್ ಮಾಡಿದೆ. "ಈ ಸಲ ಯಾರು ಹೋಗಿದ್ದರು?"

"ಇಬ್ಬರು ಹೊಸ ಹುಡುಗರು," ಅಂದರು. "ಯಾಕೆ ಉಸ್ತಾದ್, ಏನಾದರೂ ತಪ್ಪಾಗಿದೆಯಾ?"